ಇಟ್ಟಿಗೆ ಮನೆಯ ಊಟ: ಪೂರ್ವ ಪಶ್ಚಿಮಗಳು ಒಂದೇ ತಟ್ಟೆಗೆ ಬಂದ ಬಗೆ

(ಆಹಾರ ಮತ್ತು ಸಂಸ್ಕೃತಿಯನ್ನು ಕುರಿತ ಉಪನ್ಯಾಸದ ಬರಹ ರೂಪ)



ಟೋಕಿಯೊ ನಗರದ ಗಿಂಜಾ ಬಡಾವಣೆಯಲ್ಲಿ 1895ರಲ್ಲಿ ಒಂದು ಹೊಸ ಊಟದ ಹೋಟೆಲು ಬಾಗಿಲು ತೆರೆಯಿತು. ಹೆಸರು ರೆಂಗಾತೇ. ‘ರೆಂಗಾ’ ಎಂದರೆ ಜಪಾನಿ ಭಾಷೆಯಲ್ಲಿ ಇಟ್ಟಿಗೆ. 1872ರ ದೊಡ್ಡ ಬೆಂಕಿಯಲ್ಲಿ ಗಿಂಜಾದ ಮರದ ಮನೆಗಳು ಸುಟ್ಟುಹೋದ ಮೇಲೆ ಸರ್ಕಾರ ಅಲ್ಲಿ ಯೂರೋಪಿನ ಮಾದರಿಯ ಇಟ್ಟಿಗೆ ಕಟ್ಟಡಗಳ ಸಾಲನ್ನೇ ಎಬ್ಬಿಸಿತ್ತು. ಗ್ಯಾಸಿನ ದೀಪ, ಕುದುರೆ ಗಾಡಿ, ಹ್ಯಾಟು ತೊಟ್ಟ ಗಂಡಸರು ಇದ್ದ ಆ ಬೀದಿ ಹೊಸ ಜಪಾನಿನ ಪ್ರದರ್ಶನ ಮಂಟಪದಂತಿತ್ತು. ಅಂಥ ಬೀದಿಯಲ್ಲಿ ಹೋಟೆಲು ತೆರೆದ ಕಿದಾ ಮೊತೊಜಿರೊ ಫ್ರೆಂಚ್ ಶೈಲಿಯ ಅಡುಗೆ ಬಡಿಸಲು ಹೊರಟವನು. ಆದರೆ ಕೆಲವೇ ವರ್ಷಗಳಲ್ಲಿ ಅವನ ಅಡುಗೆಮನೆಯಿಂದ ಹೊರಬಂದ ಊಟವನ್ನು ಫ್ರಾನ್ಸಿನವರು ತಮ್ಮದೆಂದು ಗುರುತಿಸುವಂತಿರಲಿಲ್ಲ. ಜಪಾನಿನ ಹಿರಿಯರೂ ತಮ್ಮದೆಂದು ಒಪ್ಪುವಂತಿರಲಿಲ್ಲ.

ಏಷ್ಯಾದ ಅಡುಗೆಯನ್ನೂ ಯೂರೋಪಿನ ಅಡುಗೆಯನ್ನೂ ಬೆಸೆಯುವ ಹೋಟೆಲುಗಳನ್ನು ಈಗ ‘ಫ್ಯೂಷನ್’ ಎಂಬ ಹೆಸರಿನಿಂದ ಕರೆಯುವುದು ರೂಢಿ. 1983ರಲ್ಲಿ ಅಮೆರಿಕದ ಸಾಂಟಾ ಮೋನಿಕಾದಲ್ಲಿ ವುಲ್ಫ್‌ಗ್ಯಾಂಗ್ ಪಕ್ ಎಂಬ ಬಾಣಸಿಗ ಚೀನಾ ಮತ್ತು ಫ್ರಾನ್ಸಿನ ಅಡುಗೆಗಳನ್ನು ಸೇರಿಸಿ ‘ಷಿನ್ವಾ ಆನ್ ಮೇನ್’ ಎಂಬ ಹೋಟೆಲು ತೆರೆದ. ಆ ಬಳಿಕದ ವರ್ಷಗಳಲ್ಲಿ ಈ ಬಗೆಯ ಊಟಕ್ಕೆ ದೊಡ್ಡ ಹೆಸರು ಬಂತು. ಹೀಗಾಗಿ ಇಂಥ ಬೆಸುಗೆ ಇತ್ತೀಚಿನ ಸಾಹಸವೆಂಬ ಭಾವನೆ ಬೇರೂರಿದೆ. ರೆಂಗಾತೇ ಕಥೆ ಅದಕ್ಕಿಂತ ಸುಮಾರು ತೊಂಬತ್ತು ವರ್ಷ ಹಳೆಯದು. ಇಂಥ ಪ್ರತಿ ತಟ್ಟೆಯ ಹಿಂದೆಯೂ ಇರುವ ಒಂದು ಪ್ರಶ್ನೆಯನ್ನು ಅದು ಎತ್ತುತ್ತದೆ. ಎರಡು ಅಡುಗೆಗಳು ಒಂದಾದಾಗ ಯಾವುದು ಯಾವುದಕ್ಕೆ ಮಣಿಯುತ್ತದೆ? ಆ ಮಣಿತದಲ್ಲಿ ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಸಿಹೋಗುತ್ತದೆ?

ನಿಷೇಧದ ಶತಮಾನಗಳು

ಕಿದಾನ ಸಾಹಸದ ತೂಕ ತಿಳಿಯಬೇಕಾದರೆ ಜಪಾನಿನ ಊಟದ ಹಿನ್ನೆಲೆ ತಿಳಿದಿರಬೇಕು. ಬೌದ್ಧ ಧರ್ಮದ ಪ್ರಭಾವದಲ್ಲಿದ್ದ ಚಕ್ರವರ್ತಿ ತೆನ್ಮು ಕ್ರಿ.ಶ. 675ರಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಬೇಸಾಯದ ತಿಂಗಳುಗಳಲ್ಲಿ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಮುಂದೆಯೂ ಇಂಥ ಆಜ್ಞೆಗಳು ಬಂದವು. ಕದ್ದುಮುಚ್ಚಿ ತಿನ್ನುವವರು, ಔಷಧಿಯ ನೆಪದಲ್ಲಿ ತಿನ್ನುವವರು, ಕಾಡುಪ್ರಾಣಿಗಳ ಬೇಟೆಯಾಡುವವರು ಇದ್ದೇ ಇದ್ದರು. ಆದರೂ ನಾಲ್ಕು ಕಾಲಿನ ಸಾಕುಪ್ರಾಣಿಯ ಮಾಂಸ ಮೈಲಿಗೆ ಎಂಬ ಭಾವನೆ ಸಮಾಜದಲ್ಲಿ ಆಳವಾಗಿ ಇಳಿಯಿತು. ಅನ್ನ, ಮೀನು, ಸೋಯಾ, ತರಕಾರಿ, ಕಡಲ ಪಾಚಿ ಇವೇ ಊಟದ ಆಧಾರವಾದವು.

1543ರಲ್ಲಿ ಪೋರ್ಚುಗೀಸರು ತನೆಗಾಶಿಮಾ ದ್ವೀಪಕ್ಕೆ ಬಂದಿಳಿದಾಗ ಯೂರೋಪಿನ ಊಟದ ಮೊದಲ ಪರಿಚಯವಾಯಿತು. ಆರು ವರ್ಷಗಳ ನಂತರ, 1549ರಲ್ಲಿ, ಗೋವೆಯಿಂದ ಹೊರಟ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಕಾಗೋಶಿಮಾ ತಲುಪಿದರು. ಗೋವೆಯ ಕಡಲ ದಾರಿಯೇ ಜಪಾನಿನ ಅಡುಗೆಗೂ ದಾರಿಯಾದದ್ದು ಸ್ವಾರಸ್ಯದ ಸಂಗತಿ. ಜಪಾನಿಗರು ಬ್ರೆಡ್ಡಿಗೆ ‘ಪಾನ್’ ಎನ್ನುತ್ತಾರೆ. ಕೊಂಕಣ ಕರಾವಳಿಯವರು ‘ಪಾವ್’ ಎನ್ನುತ್ತಾರೆ. ಎರಡೂ ಒಂದೇ ಪೋರ್ಚುಗೀಸ್ ಪದದ ಮಕ್ಕಳು. ನಾಗಸಾಕಿಯ ‘ಕಾಸುತೆರಾ’ ಎಂಬ ಸ್ಪಂಜಿನಂಥ ಕೇಕಿನ ಹೆಸರಿನಲ್ಲಿ ಸ್ಪೇನಿನ ಕಾಸ್ತೀಲ್ ಪ್ರಾಂತ ಅಡಗಿದೆ. ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ‘ತೆಂಪುರಾ’ ಕೂಡ ಪೋರ್ಚುಗೀಸರ ಸಂಪರ್ಕದಿಂದ ಬಂದದ್ದೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇವತ್ತು ಜಪಾನಿನ ಊಟವೆಂದರೆ ಕಣ್ಣಮುಂದೆ ಬರುವ ತಿನಿಸುಗಳಲ್ಲಿ ತೆಂಪುರಾ ಒಂದು. ಅದು ಪರದೇಶದ್ದೆಂಬ ನೆನಪೇ ಜನರಿಗೆ ಉಳಿದಿಲ್ಲ.

1639ರಲ್ಲಿ ಪೋರ್ಚುಗೀಸರನ್ನು ಹೊರಗಟ್ಟಲಾಯಿತು. ಮುಂದಿನ ಎರಡು ಶತಮಾನಗಳ ಕಾಲ ಯೂರೋಪಿನೊಂದಿಗೆ ಇದ್ದ ಸಂಬಂಧವೆಂದರೆ ನಾಗಸಾಕಿ ಬಂದರಿನ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ವ್ಯಾಪಾರಕ್ಕಿದ್ದ ಡಚ್ಚರದು ಮಾತ್ರ.

ಚಕ್ರವರ್ತಿಯ ತಟ್ಟೆ

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ನಿಂತ ಮೇಲೆ ಬಾಗಿಲು ತೆರೆಯಲೇಬೇಕಾಯಿತು. ಪಶ್ಚಿಮದ ದೇಶಗಳು ಅಸಮಾನ ಒಪ್ಪಂದಗಳನ್ನು ಹೇರಿದವು. 1868ರಲ್ಲಿ ಅಧಿಕಾರಕ್ಕೆ ಬಂದ ಮೇಯ್‌ಜಿ ಸರ್ಕಾರಕ್ಕೆ ಒಂದೇ ಚಿಂತೆ: ಪಶ್ಚಿಮದವರು ತಮ್ಮನ್ನು ಸರಿಸಮಾನರೆಂದು ಕಾಣುವುದು ಯಾವಾಗ? ಸೈನ್ಯ, ಶಾಲೆ, ರೈಲು, ಉಡುಪುಗಳ ಜೊತೆಗೆ ಊಟವೂ ಈ ಚಿಂತೆಯೊಳಗೆ ಸೇರಿತು. ಬಿಳಿಯರ ಗಟ್ಟಿ ಮೈಕಟ್ಟಿಗೆ ಮಾಂಸ ಮತ್ತು ಹಾಲೇ ಕಾರಣವೆಂದು ಫುಕುಜಾವಾ ಯುಕಿಚಿಯಂಥ ಚಿಂತಕರು ಬರೆದರು.

1872ರ ಆರಂಭದಲ್ಲಿ ಚಕ್ರವರ್ತಿ ಮೇಯ್‌ಜಿ ದನದ ಮಾಂಸ ತಿಂದ ಸುದ್ದಿಯನ್ನು ಬಹಿರಂಗವಾಗಿಯೇ ಹಬ್ಬಿಸಲಾಯಿತು. ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಹಾಕಿದ್ದ ಕಟ್ಟನ್ನು ಮತ್ತೊಬ್ಬ ಚಕ್ರವರ್ತಿಯ ತಟ್ಟೆ ಮುರಿದಿತ್ತು. ಕೆಲವೇ ವಾರಗಳಲ್ಲಿ ಹತ್ತು ಮಂದಿ ಧಾರ್ಮಿಕ ವ್ರತಸ್ಥರು ಅರಮನೆಗೆ ನುಗ್ಗಲು ಯತ್ನಿಸಿದರು. ಪರದೇಶಿಗಳ ಮಾಂಸದೂಟದಿಂದ ನೆಲ ಮೈಲಿಗೆಯಾಗಿದೆ, ದೇವತೆಗಳು ಇಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ಅಳಲು. ಕಾವಲುಗಾರರೊಡನೆ ನಡೆದ ಘರ್ಷಣೆಯಲ್ಲಿ ಅವರಲ್ಲಿ ಹಲವರು ಪ್ರಾಣ ತೆತ್ತರು. ತುತ್ತಿನ ವಿಷಯಕ್ಕೆ ಜೀವ ಕೊಡುವಷ್ಟು ಸಂಕಟ ಅದಾಗಿತ್ತು ಎಂಬುದನ್ನು ಮರೆಯಬಾರದು.

ಮನೆಮನೆಯಲ್ಲಿಯೂ ಇದೇ ಸಂಕಟ ಬೇರೆ ರೂಪದಲ್ಲಿತ್ತು. ಮಾಂಸ ಬೇಯಿಸುವ ದಿನ ದೇವರ ಗೂಡಿಗೂ ಹಿರಿಯರ ಗೂಡಿಗೂ ಕಾಗದ ಅಂಟಿಸಿ ಮುಚ್ಚುತ್ತಿದ್ದ ಕುಟುಂಬಗಳ ಕಥೆಗಳು ಆ ಕಾಲದ ನೆನಪುಗಳಲ್ಲಿ ದಾಖಲಾಗಿವೆ. ತಿನ್ನುವ ಆಸೆಯೂ ಇದೆ, ಸತ್ತ ಹಿರಿಯರ ಮೂಗಿಗೆ ವಾಸನೆ ತಾಕಬಾರದೆಂಬ ಅಂಜಿಕೆಯೂ ಇದೆ.

ಬಾಣಸಿಗನ ತಿದ್ದುಪಡಿ

ಅರಮನೆ ಅಪ್ಪಣೆ ಕೊಟ್ಟ ಮಾತ್ರಕ್ಕೆ ನಾಲಿಗೆ ಒಪ್ಪುವುದಿಲ್ಲ. ಫ್ರೆಂಚರ ಊಟ ಶ್ರೀಮಂತರ ಔತಣಕೂಟಗಳಲ್ಲಿ ನಡೆಯಿತು. ಸಾಮಾನ್ಯರಿಗೆ ಅದರ ಬೆಣ್ಣೆಯ ವಾಸನೆಯೇ ಆಗುತ್ತಿರಲಿಲ್ಲ. ಚಾಕು, ಮುಳ್ಳು ಚಮಚೆಗಳ ಕಾಟ ಬೇರೆ. ಅನ್ನವಿಲ್ಲದ್ದನ್ನು ಊಟವೆಂದು ಕರೆಯುವುದಾದರೂ ಹೇಗೆ ಎಂಬ ಗೊಂದಲ ಅದರ ಮೇಲೆ.

ಈ ತೊಡಕನ್ನು ಮೊದಲು ಬಿಡಿಸಿದವರಲ್ಲಿ ಒಬ್ಬ ಬ್ರೆಡ್ಡಿನವನು. ಕೆಲಸ ಕಳೆದುಕೊಂಡಿದ್ದ ಸಮುರಾಯ್ ವರ್ಗದ ಕಿಮುರಾ ಯಾಸುಬೇ 1869ರಲ್ಲಿ ಬೇಕರಿ ತೆರೆದ. ಯೂರೋಪಿನ ಹುದುಗು ಸುಲಭವಾಗಿ ಸಿಗದ ಆ ಕಾಲದಲ್ಲಿ ಅಕ್ಕಿಯ ಮದ್ಯ ತಯಾರಿಸುವ ಹುದುಗನ್ನೇ ಅವನ ಬೇಕರಿ ಗೋಧಿ ಹಿಟ್ಟಿಗೆ ಹಾಕಿತು. ಒಳಗೆ ಅಲಸಂದೆಯನ್ನು ಹೋಲುವ ಕೆಂಪು ಕಾಳಿನ ಸಿಹಿ ಹೂರಣ ತುಂಬಿತು. ಕನ್ನಡಿಗರಿಗೆ ಹೋಳಿಗೆಯನ್ನು ನೆನಪಿಸುವಂಥ ಈ ‘ಅನ್‌ಪಾನ್’ 1874ರಲ್ಲಿ ಮಾರಾಟಕ್ಕೆ ಬಂತು. ಮರುವರ್ಷ ಚಕ್ರವರ್ತಿಗೂ ಅರ್ಪಿತವಾಯಿತು. ಹೊರಮೈ ಯೂರೋಪಿನದು, ಒಡಲು ಜಪಾನಿನದು.

ರೆಂಗಾತೇಯಲ್ಲಿ ನಡೆದದ್ದೂ ಇದೇ ಬಗೆಯ ತಿದ್ದುಪಡಿ. ಫ್ರೆಂಚರ ‘ಕೋತ್ಲೆತ್’ ಎಂದರೆ ಎಳೆಗರುವಿನ ಮಾಂಸದ ತುಂಡಿಗೆ ಬ್ರೆಡ್ಡಿನ ಪುಡಿ ಹಚ್ಚಿ, ಬೆಣ್ಣೆಯಲ್ಲಿ ಹುರಿದು, ಒಲೆಯೊಳಗಿಟ್ಟು ಬೇಯಿಸುವುದು. ಗಿರಾಕಿಗಳಿಗೆ ಅದು ಜಿಡ್ಡೆನಿಸಿತು. ಆ ಹೋಟೆಲಿನ ಪರಂಪರೆ ಹೇಳುವ ಪ್ರಕಾರ, ಕಿದಾ 1899ರಲ್ಲಿ ಹಂದಿಯ ಮಾಂಸವನ್ನು ತೆಗೆದುಕೊಂಡು, ತೆಂಪುರಾ ಕರಿಯುವಂತೆ ತುಂಬು ಎಣ್ಣೆಯಲ್ಲಿ ಮುಳುಗಿಸಿ ಕರಿದ. ಬಾಣಲೆಯ ಈ ಬುದ್ಧಿ ಮೂರು ಶತಮಾನಗಳ ಹಿಂದೆ ಪೋರ್ಚುಗೀಸರ ಸಂಪರ್ಕದಲ್ಲಿ ಬಂದದ್ದು. ಅಷ್ಟರೊಳಗೆ ಅದು ಎಷ್ಟು ಮನೆಯದಾಗಿತ್ತೆಂದರೆ, ಎರಡನೆಯ ಯೂರೋಪನ್ನು ಪಳಗಿಸಲು ಮೊದಲನೆಯ ಯೂರೋಪೇ ಜಪಾನಿನ ಪರವಾಗಿ ನಿಂತಿತು.

ಮುಂದಿನ ತಿದ್ದುಪಡಿ ಯುದ್ಧದಿಂದ ಬಂತು. ಕೋತ್ಲೆತ್ ಜೊತೆಗೆ ಬೇಯಿಸಿದ ಬಿಸಿ ತರಕಾರಿ ಬಡಿಸುವುದು ವಾಡಿಕೆಯಾಗಿತ್ತು. 1904-05ರ ರಷ್ಯಾ-ಜಪಾನ್ ಯುದ್ಧಕ್ಕೆ ಅಡುಗೆಯ ಹುಡುಗರು ಸೈನ್ಯಕ್ಕೆ ಹೋದಾಗ ಕೈಗಳು ಸಾಲದಾದವು. ಹಸಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಪಕ್ಕದಲ್ಲಿಟ್ಟರು. ಕರಿದ ಮಾಂಸದ ಜಿಡ್ಡಿಗೆ ಅದು ಸರಿಯಾದ ಜೋಡಿಯೆಂದು ಜನ ಮೆಚ್ಚಿದರು. ಬ್ರೆಡ್ಡಿನ ಜಾಗಕ್ಕೆ ತಟ್ಟೆಯಲ್ಲಿ ಅನ್ನ ಬಂತು. ಮುಂದೆ, 1920ರ ದಶಕದ ಕೊನೆಗೆ, ಟೋಕಿಯೊದ ಉಎನೊ ಭಾಗದ ಹೋಟೆಲುಗಳಲ್ಲಿ ಮಾಂಸದ ತುಂಡು ದಪ್ಪವಾಯಿತು. ಚಾಕು ಬೇಡವಾಗುವಂತೆ ಅಡುಗೆಮನೆಯಲ್ಲೇ ಹೋಳು ಮಾಡಿ, ಕಡ್ಡಿಗಳಲ್ಲಿ ಹಿಡಿದು ತಿನ್ನುವಂತೆ ಬಡಿಸಿದರು. ಅದೇ ‘ತೊಂಕಾತ್ಸು’. ಹಂದಿಗೆ ಚೀನೀ ಮೂಲದ ‘ತೊನ್’, ಫ್ರೆಂಚ್ ಕೋತ್ಲೆತ್‌ನಿಂದ ಮುರಿದುಕೊಂಡ ‘ಕಾತ್ಸು’. ಹೆಸರಿನಲ್ಲೇ ಎರಡು ಖಂಡಗಳು ಸೇರಿವೆ.

ಹೀಗೆ ಹುಟ್ಟಿದ ಊಟಕ್ಕೆ ‘ಯೋಷೊಕು’, ಅಂದರೆ ಪಶ್ಚಿಮದ ಊಟ, ಎಂದು ಹೆಸರಾಯಿತು. ಅದಕ್ಕೆ ಎದುರಾಗಿ ‘ವಾಶೊಕು’, ಜಪಾನಿ ಊಟ, ಎಂಬ ಮಾತೂ ಬಳಕೆಗೆ ಬಂತು. ಪರರ ಊಟ ಎದುರಿಗೆ ಬಂದು ಕುಳಿತ ಮೇಲಷ್ಟೇ ತಮ್ಮ ಊಟಕ್ಕೆ ಒಂದು ಹೆಸರು ಬೇಕೆಂದು ಜಪಾನಿಗರಿಗೆ ತೋರಿತು. 2013ರಲ್ಲಿ ಯುನೆಸ್ಕೊ ಸಂಸ್ಥೆ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ವಾಶೊಕುವನ್ನು.

ಹಡಗಿನಿಂದ ಬಂದ ಕರಿ

ಯೋಷೊಕು ತಟ್ಟೆಯ ಮತ್ತೊಂದು ಮುಖ್ಯ ಪದಾರ್ಥ ‘ಕರೀ ರೈಸು’. ಭಾರತೀಯರಿಗೆ ಇದರಲ್ಲಿ ನೇರ ಪಾಲಿದೆ. ದಕ್ಷಿಣ ಭಾರತದ ದ್ರಾವಿಡ ನುಡಿಗಳ ‘ಕರಿ’ ಎಂಬ ಮಾತು ಪೋರ್ಚುಗೀಸರ ಬಾಯಲ್ಲಿ ‘ಕರಿಲ್’ ಆಗಿ, ಇಂಗ್ಲಿಷರ ಬಾಯಲ್ಲಿ ‘ಕರ್ರಿ’ ಆಯಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಲಂಡನ್ನಿನ ವ್ಯಾಪಾರಿಗಳು ಸಿದ್ಧ ಮಸಾಲೆ ಪುಡಿಯನ್ನು ಶೀಶೆಗಳಲ್ಲಿ ಮಾರತೊಡಗಿದರು. ಜಪಾನಿಗೆ ಹೋದದ್ದು ಈ ಶೀಶೆ. ಹೀಗಾಗಿ ಜಪಾನಿಗರ ಲೆಕ್ಕದಲ್ಲಿ ಕರಿ ಎಂದರೆ ಇಂಗ್ಲೆಂಡಿನ ತಿನಿಸು. 1872ರಲ್ಲಿ ಪ್ರಕಟವಾದ ಪಶ್ಚಿಮದ ಅಡುಗೆಯ ಕೈಪಿಡಿಗಳಲ್ಲಿಯೇ ಅದರ ವಿಧಾನವಿದೆ. ಒಂದರಲ್ಲಂತೂ ಕಪ್ಪೆಯ ಮಾಂಸದ ಕರಿ!

ಅದು ದೇಶವಿಡೀ ಹರಡಲು ನೌಕಾದಳ ದೊಡ್ಡ ಕಾರಣ. ಪಾಲಿಷ್ ಮಾಡಿದ ಬಿಳಿ ಅಕ್ಕಿಯೊಂದನ್ನೇ ತಿನ್ನುತ್ತಿದ್ದ ನಾವಿಕರನ್ನು ಬೆರಿಬೆರಿ ರೋಗ ಕಾಡುತ್ತಿತ್ತು. 1883ರಲ್ಲಿ ದೂರದ ಯಾನ ಮುಗಿಸಿ ಬಂದ ‘ರ್‍ಯೂಜೊ’ ಹಡಗಿನ 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ತಗುಲಿ 25 ಮಂದಿ ಸತ್ತಿದ್ದರು. ಲಂಡನ್ನಿನಲ್ಲಿ ಓದಿ ಬಂದಿದ್ದ ನೌಕಾ ವೈದ್ಯ ತಕಾಕಿ ಕನೆಹಿರೊ ಇದಕ್ಕೆ ಊಟವೇ ಕಾರಣವೆಂದು ಊಹಿಸಿದರು. ಮರುವರ್ಷ ‘ತ್ಸುಕುಬಾ’ ಹಡಗನ್ನು ಅದೇ ದಾರಿಯಲ್ಲಿ ಕಳಿಸಿ ಮಾಂಸ, ಬ್ರೆಡ್ಡು, ಹಾಲು ಕೊಡಿಸಿದರು. ಈ ಬಾರಿ ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ವಿಟಮಿನ್ನಿನ ವಿಚಾರ ಇನ್ನೂ ಗೊತ್ತಿರದ ಕಾಲವದು. ತಕಾಕಿಯವರ ವಿವರಣೆಯಲ್ಲಿ ತಪ್ಪಿತ್ತು, ಪರಿಹಾರ ಸರಿಯಾಗಿತ್ತು. ಬಿಳಿ ಅಕ್ಕಿಗೇ ಅಂಟಿಕೊಂಡ ಭೂಸೇನೆಯಾದರೋ ರಷ್ಯಾ ಯುದ್ಧದಲ್ಲಿ ಸುಮಾರು 27,000 ಸೈನಿಕರನ್ನು ಈ ರೋಗಕ್ಕೆ ಬಲಿಕೊಟ್ಟಿತು.

ಆದರೆ ನಾವಿಕರಿಗೆ ಬ್ರೆಡ್ಡು ಹಿಡಿಸಲಿಲ್ಲ. ಮಾಂಸ, ಆಲೂಗಡ್ಡೆ, ಗಜ್ಜರಿ, ಈರುಳ್ಳಿಗಳನ್ನು ಒಟ್ಟಿಗೆ ಬೇಯಿಸಿ, ಕರಿ ಪುಡಿ ಹಾಕಿ, ಗೋಧಿ ಹಿಟ್ಟಿನಿಂದ ಗಟ್ಟಿ ಮಾಡಿ, ಅನ್ನದ ಮೇಲೆ ಸುರಿದರೆ ಮಾತ್ರ ತಕರಾರಿಲ್ಲದೆ ಉಣ್ಣುತ್ತಿದ್ದರು. 1908ರ ನೌಕಾದಳದ ಅಡುಗೆ ಕೈಪಿಡಿಯಲ್ಲಿ ಈ ವಿಧಾನ ಮುದ್ರಣವಾಗಿದೆ. ನೌಕರಿ ಮುಗಿಸಿದ ನಾವಿಕರು ಅದನ್ನು ಊರೂರಿಗೆ ಒಯ್ದರು. ಅರಸೊತ್ತಿಗೆ ಪಶ್ಚಿಮಕ್ಕೆ ಮಣಿದಿದ್ದರೆ, ಅಡುಗೆಯವರು ಪಶ್ಚಿಮವನ್ನು ಅನ್ನಕ್ಕೆ ಮಣಿಸಿದ್ದರು.

ಬೋಸರ ತಕರಾರು

ಈ ಸುಖಾಂತ ಕಥೆಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು: ಭಾರತ. ಅದನ್ನು ನೆನಪಿಸಿದವರು ಒಬ್ಬ ಕ್ರಾಂತಿಕಾರಿ.

1912ರ ಡಿಸೆಂಬರ್ 23ರಂದು ದೆಹಲಿಯಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬು ಎಸೆದ ಸಂಚಿನ ಹಿಂದಿದ್ದವರು ರಾಸ್ ಬಿಹಾರಿ ಬೋಸ್. 1915ರಲ್ಲಿ ಅವರು ಸುಳ್ಳು ಹೆಸರಿನಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ಬ್ರಿಟನ್ನಿನ ಮಿತ್ರರಾಷ್ಟ್ರವಾಗಿದ್ದ ಜಪಾನ್ ಅವರನ್ನು ದೇಶ ಬಿಟ್ಟು ಹೋಗಲು ಆಜ್ಞೆ ಮಾಡಿತು. ಆಗ ಟೋಕಿಯೊದ ಷಿಂಜುಕುವಿನಲ್ಲಿ ‘ನಾಕಾಮುರಾಯಾ’ ಎಂಬ ಬ್ರೆಡ್ಡಿನಂಗಡಿ ನಡೆಸುತ್ತಿದ್ದ ಸೋಮಾ ಐಜೊ ಮತ್ತು ಕೊಕ್ಕೊ ದಂಪತಿ ಅಂಗಡಿಯ ಹಿಂಭಾಗದಲ್ಲಿ ಅವರನ್ನು ತಿಂಗಳುಗಟ್ಟಲೆ ಅಡಗಿಸಿಟ್ಟರು. 1918ರಲ್ಲಿ ಅವರ ಮಗಳು ತೊಷಿಕೊ ಬೋಸರನ್ನು ಮದುವೆಯಾದರು. ಪೊಲೀಸರ ಕಣ್ಣು ತಪ್ಪಿಸುತ್ತ ಸಾಗಿದ ಸಂಸಾರ ಅದು. 1925ರಲ್ಲಿ ತೊಷಿಕೊ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

1927ರಲ್ಲಿ ನಾಕಾಮುರಾಯಾ ತನ್ನ ಅಂಗಡಿಗೆ ಊಟ ಉಪಾಹಾರದ ಕೋಣೆಯೊಂದನ್ನು ಸೇರಿಸಲು ಹೊರಟಾಗ ಬೋಸರು ಭಾರತದ ಕರಿಯನ್ನು ಬಡಿಸಬೇಕೆಂದು ಸಲಹೆ ಕೊಟ್ಟರು. ಜಪಾನಿನಲ್ಲಿ ಕರಿ ಎಂದು ತಿನ್ನುವುದು ಇಂಗ್ಲಿಷರ ಮೂಲಕ ಬಂದ, ಹಿಟ್ಟು ಕಲಸಿದ ಅಗ್ಗದ ತಿನಿಸು. ನಿಜವಾದ ಕರಿ ಹಾಗಿರುವುದಿಲ್ಲ ಎಂಬುದು ಅವರ ತಕರಾರು. ಮೂಳೆಸಹಿತ ಕೋಳಿ, ಮೊಸರು, ಬೆಣ್ಣೆ, ಮಸಾಲೆಗಳಿಂದ ತಯಾರಾದ ಆ ‘ಶುದ್ಧ ಭಾರತೀಯ ಕರಿ’ಯ ಬೆಲೆ 80 ಸೆನ್. ಬೇರೆಡೆ ಒಂದು ತಟ್ಟೆ ಕರೀ ರೈಸು 10-12 ಸೆನ್ನಿಗೆ ಸಿಗುತ್ತಿದ್ದ ಕಾಲದಲ್ಲಿ ಜನ ಏಳೆಂಟು ಪಟ್ಟು ಹಣ ಕೊಟ್ಟು ತಿಂದರು. ತಾಯ್ನಾಡಿಗೆ ಕಾಲಿಡಲಾಗದ ಮನುಷ್ಯನೊಬ್ಬ ಅದರ ಹೆಸರನ್ನು ತಟ್ಟೆಯ ಮೇಲೆ ಮರಳಿ ಬರೆಸಿದ್ದ. ಬೋಸರು ಸ್ವಾತಂತ್ರ್ಯ ಕಾಣದೆ 1945ರ ಜನವರಿಯಲ್ಲಿ ಟೋಕಿಯೊದಲ್ಲೇ ತೀರಿಕೊಂಡರು.

ಆದರೆ ಈ ‘ಶುದ್ಧ’ ಕರಿಯೂ ಪೂರ್ತಿ ಶುದ್ಧವಾಗಿ ಉಳಿಯಲಿಲ್ಲ. ಉದುರುದುರಾದ ಭಾರತದ ಅನ್ನ ಜಪಾನಿಗರಿಗೆ ಒಗ್ಗದೆ ಅಲ್ಲಿನದೇ ಒಳ್ಳೆಯ ಅಕ್ಕಿಯನ್ನು ಹುಡುಕಬೇಕಾಯಿತು. ಮಸಾಲೆಯ ಗಾಟನ್ನೂ ಗಿರಾಕಿಗಳ ರುಚಿಗೆ ಹೊಂದಿಸಲಾಯಿತು. ಬೋಸರಿಗೆ ಬೇಕಾಗಿದ್ದ ಮುಖ್ಯ ಸಂಗತಿ ಮಾತ್ರ ಉಳಿಯಿತು: ಈ ತಿನಿಸು ಯಾರದೆಂಬುದನ್ನು ತಿನ್ನುವವರು ತಿಳಿದು ತಿನ್ನಬೇಕು.

ಸೀಮೆಯದು, ನಮ್ಮದು

ಇಂಥ ಲೇವಾದೇವಿ ಕನ್ನಡ ನಾಡಿನ ಅಡುಗೆಮನೆಗೂ ಹೊಸತಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಮೂಲಕ ಭಾರತಕ್ಕೆ ಬಂತು. ಅದಕ್ಕೆ ಮೊದಲು ಖಾರಕ್ಕೆ ಇದ್ದದ್ದು ಮಲೆನಾಡಿನ ಮೆಣಸು. ಹೊಸ ಕಾಯಿ ಹಳೆಯ ಬಳ್ಳಿಯ ಹೆಸರನ್ನೇ ಎತ್ತಿಕೊಂಡು ‘ಮೆಣಸಿನಕಾಯಿ’ಯಾಯಿತು. ಮನೆಯ ಮೆಣಸು ತನ್ನ ಗುರುತಿಗಾಗಿ ‘ಕರಿಮೆಣಸು’, ‘ಕಾಳುಮೆಣಸು’ ಎಂಬ ವಿಶೇಷಣ ಹೊರಬೇಕಾಯಿತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಇವತ್ತು ಹಾವೇರಿಯ ಮಣ್ಣಿನ ಮಗ. ಮಸಾಲೆ ದೋಸೆಯ ಒಳಗಿನ ಆಲೂಗಡ್ಡೆಯ ತವರೂ ಅಮೆರಿಕ ಖಂಡವೇ.

ಕನ್ನಡ ಭಾಷೆ ಈ ಅತಿಥಿಗಳಲ್ಲಿ ಕೆಲವರ ವಿಳಾಸವನ್ನು ಬರೆದಿಟ್ಟುಕೊಂಡಿದೆ. ಸೀಮೆಬದನೆಕಾಯಿ, ಸೀಮೆಹುಣಸೆ ಎನ್ನುವಾಗ ‘ಸೀಮೆ’ ಎಂದರೆ ಕಡಲಾಚೆಯದು. ಬೀನ್ಸು, ಗಜ್ಜರಿ, ಎಲೆಕೋಸುಗಳು ಹಿರಿಯರ ಮಾತಿನಲ್ಲಿ ‘ಇಂಗ್ಲಿಷ್ ತರಕಾರಿ’. ದಿನವೂ ಸಾರು ಪಲ್ಯಕ್ಕೆ ಬಳಸುವ ಮನೆಗಳಲ್ಲೇ ಶ್ರಾದ್ಧದ ದಿನ ಇವಕ್ಕೆ ಪ್ರವೇಶವಿಲ್ಲ. ಅಂದು ಬಾಳೆಕಾಯಿ, ಹಾಗಲಕಾಯಿಯಂಥ ಹಳೆಯ ತರಕಾರಿಗಳದೇ ಸರದಿ. ಕೆಲವು ಮನೆಗಳಲ್ಲಿ ಮೆಣಸಿನಕಾಯಿ ಹಿಂದೆ ಸರಿದು ಕಾಳುಮೆಣಸು ಮರಳಿ ಬರುತ್ತದೆ. ಹಿರಿಯರು ಎಲೆಯ ಮುಂದೆ ಬಂದು ಕೂರುವ ದಿನ ಅವರು ಬಲ್ಲ ರುಚಿಯನ್ನೇ ಬಡಿಸಬೇಕೆಂಬುದು ಇದರ ಹಿಂದಿನ ಭಾವ. ಮಾಂಸ ಬೇಯಿಸುವಾಗ ಹಿರಿಯರ ಗೂಡಿಗೆ ಕಾಗದ ಅಂಟಿಸಿದ ಜಪಾನಿನ ಗೃಹಿಣಿಗೆ ಈ ನಿಯಮ ಬಿಡಿಸಿ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ಎರಡು ಖಂಡಗಳ ರುಚಿ ಬೆರೆಸುವ ಹೊಸ ಹೋಟೆಲುಗಳು ಇನ್ನು ಮುಂದೆಯೂ ತೆರೆಯುತ್ತವೆ. ಅವುಗಳನ್ನು ಕುಲಗೆಟ್ಟ ಅಡುಗೆಯೆಂದು ಹೀಗಳೆಯುವವರು ತಮ್ಮ ಎಲೆಯ ಮೇಲಿನ ಮೆಣಸಿನಕಾಯಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಹಿಂದೆಂದೂ ಇಲ್ಲದ ಸಾಹಸವೆಂದು ಹೊಗಳುವವರು ಕಿಮುರಾನ ಹೂರಣದ ಬ್ರೆಡ್ಡನ್ನೂ ಕಿದಾನ ಬಾಣಲೆಯನ್ನೂ ನೆನೆಯಬೇಕು. ಅಂಥ ಊಟ ಉಳಿಯುವುದೋ ಅಳಿಯುವುದೋ ಎಂಬುದನ್ನು ಗಿರಾಕಿಗಳು ತೀರ್ಮಾನಿಸುತ್ತಾರೆ. ಫ್ರೆಂಚ್ ಕೋತ್ಲೆತ್ ಜಪಾನಿನಲ್ಲಿ ಉಳಿದದ್ದು ಕಡ್ಡಿಗೂ ಅನ್ನಕ್ಕೂ ಒಗ್ಗಿದ ಮೇಲೆಯೇ. ಆದರೆ ತಟ್ಟೆಯಲ್ಲಿರುವುದು ಯಾರ ಮನೆಯ ಪದಾರ್ಥ, ಅದು ಯಾರ ಹೆಸರಿನಲ್ಲಿ, ಯಾವ ಬೆಲೆಗೆ ಮಾರಾಟವಾಗುತ್ತಿದೆ ಎಂಬ ಪ್ರಶ್ನೆ ರುಚಿಯಿಂದಷ್ಟೇ ತೀರುವಂಥದಲ್ಲ. ಷಿಂಜುಕುವಿನ ಬ್ರೆಡ್ಡಿನಂಗಡಿಯಲ್ಲಿ ರಾಸ್ ಬಿಹಾರಿ ಬೋಸರು ಎತ್ತಿದ ಆ ತಕರಾರನ್ನು ಪ್ರತಿ ಹೊಸ ಹೋಟೆಲಿನ ಬಾಗಿಲಲ್ಲೂ ಇನ್ನೊಮ್ಮೆ ಕೇಳಬೇಕಾಗುತ್ತದೆ.